ಜಮಖಾನದ ಹಾಡು

ಮಲಪ್ರಭೆ ಹಾವಿನಂತೆ ಹೊರಳುವ ಒಂದು ತಿರುವಿನಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ದೇವರ ಪೂಜೆ ಒಂದು ಗಳಿಗೆಯಲ್ಲಿ ಮುಗಿಯುತ್ತಿತ್ತು, ಸ್ವರಗಳ ಪೂಜೆ ದಿನವಿಡೀ ನಡೆಯುತ್ತಿತ್ತು.

ಆಶ್ರಮದ ಗುರು ಫಕೀರಯ್ಯನವರು. ವಯಸ್ಸು ಎಪ್ಪತ್ತೆಂಟು. ಸುತ್ತಿನ ಜನರೆಲ್ಲ ಅವರನ್ನು ಅಜ್ಜಾರು ಅನ್ನುತ್ತಿದ್ದರು. ಒಂದು ಕಾಲಕ್ಕೆ ಅವರ ಹಾಡು ಕೇಳಲು ಜನ ನದಿ ದಾಟಿ ಬರುತ್ತಿದ್ದರು. ಈಗ ಗಂಟಲು ಸೋತಿತ್ತು. ಕಲಿಸುವುದಕ್ಕೆ ಸಾಕಾಗುವಷ್ಟು ದನಿ ಉಳಿದಿತ್ತು. ಬೈಯುವುದಕ್ಕೆ ಅದಕ್ಕಿಂತ ತುಸು ಹೆಚ್ಚೇ ಉಳಿದಿತ್ತು.

ಅವರ ಶಿಷ್ಯ ಅಡಿವೆಪ್ಪ. ಹನ್ನೊಂದು ವರ್ಷದಿಂದ ಅಲ್ಲೇ ಇದ್ದ. ಒಳ್ಳೆಯ ಕಂಠ. ಅದು ಒಳ್ಳೆಯ ಕಂಠ ಎಂಬುದು ಅವನಿಗೂ ಗೊತ್ತಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಪ್ರತಿ ವರ್ಷ ಮಾಘ ಮಾಸದಲ್ಲಿ, ಅಜ್ಜಾರ ಗುರುಗಳಿಗೂ ಗುರುಗಳಾಗಿದ್ದವರ ಸ್ಮರಣೆಯ ದಿನ ಬರುತ್ತಿತ್ತು. ಅಂದು ಹೊತ್ತು ಹುಟ್ಟುವಾಗಿನಿಂದ ದೀಪ ಹಚ್ಚುವವರೆಗೂ ಹಾಡೇ ಹಾಡು. ಸಂಜೆಯ ಕಡೆಯ ಹಾಡಿಗೆ ಕೂಡಲು ಜಾಗ ಸಿಗುತ್ತಿರಲಿಲ್ಲ. ಅಜ್ಜಾರು ಹಾಡುವುದು ನಿಲ್ಲಿಸಿದ ಮೇಲೆ ದೂರದ ಊರಿನ ಹೆಸರಾಂತ ಗಾಯಕರು ಬಂದು ಅದನ್ನು ಹಾಡಿ, ಶಾಲು ಹೊದ್ದು ಹೋಗುತ್ತಿದ್ದರು.

ಮುಂಜಾವಿನ ಮೊದಲ ಹಾಡಿಗೆ ಕೇಳುವವರೇ ಇರುತ್ತಿರಲಿಲ್ಲ. ಆಗಿನ್ನೂ ನೆಲಕ್ಕೆ ಜಮಖಾನ ಹಾಸುತ್ತಿರುತ್ತಿದ್ದರು. ಅದಕ್ಕೇ ಹಾಡುವವರ ನಡುವೆ ಆ ಸರದಿಗೆ ಜಮಖಾನದ ಹಾಡು ಎಂದು ಹೆಸರು ಬಿದ್ದಿತ್ತು. ಅದರಲ್ಲಿ ಹೆಚ್ಚಿನ ಪಾಲು ಬರೀ ಆಲಾಪ. ಮಾತಿಲ್ಲ, ತಾಳವಿಲ್ಲ, ಒಂದೊಂದೇ ಸ್ವರ ಹಿಡಿದು ರಾಗವನ್ನು ಮೆಲ್ಲಗೆ ಬಿಡಿಸುವುದು. ಹೊತ್ತು ಉಳಿದರೆ ಕೊನೆಗೊಂದು ಚೀಜು, ಅಂದರೆ ಮಾತೂ ತಾಳವೂ ಇರುವ ಹಾಡು.

ಆರು ವರ್ಷದಿಂದ ಜಮಖಾನದ ಹಾಡು ಅಡಿವೆಪ್ಪನದೇ ಆಗಿತ್ತು.

ಮೊದಲ ವರ್ಷ ಸಂತೋಷಪಟ್ಟ. ಎರಡನೆಯ ವರ್ಷ ಸುಮ್ಮನಿದ್ದ. ಆಮೇಲಾಮೇಲೆ ಅದು ಅವನ ಹೊಟ್ಟೆಯಲ್ಲಿ ಕಲ್ಲಾಗಿ ಕೂತಿತು. ಕಳೆದ ಎರಡು ವರ್ಷವಂತೂ ಆಲಾಪವನ್ನು ಅರ್ಧಕ್ಕೇ ಮುಗಿಸಿ ಚೀಜಿಗೆ ಹಾರಿದ್ದ. ಖಾಲಿ ನೆಲಕ್ಕೆ ಎಷ್ಟೊತ್ತು ಹಾಡುವುದು?

ಈ ಸಲವೂ ಅದೇ ಸರದಿ ಕೊಟ್ಟರೆ ಆಶ್ರಮ ಬಿಟ್ಟು ಹೋಗುವುದು ಎಂದು ಅವನು ನಿಶ್ಚಯ ಮಾಡಿಕೊಂಡ. ಇದ್ದ ಎರಡು ಧೋತರ, ಒಂದು ಅಂಗಿಯನ್ನು ಗಂಟು ಕಟ್ಟಿಯೂ ಇಟ್ಟ. ಆಮೇಲೆ ಅಜ್ಜಾರ ಮುಂದೆ ಹೋಗಿ ನಿಂತ.

"ಅಜ್ಜಾರ, ಒಂದ ಮಾತು ಕೇಳೂದೈತ್ರಿ."

"ಕೇಳು."

"ಈ ವರ್ಷ ಸಂಜಿ ಹಾಡು ನನಗ ಕೊಡ್ರಿ."

"ಮುಂಜಾನಿದು?"

"ಯಾರಿಗರೆ ಕೊಡ್ರಿ. ಅದಕ್ಕೇನು, ಯಾರ ಹಾಡಿದ್ರೂ ನಡೀತೈತಿ."

ಅಜ್ಜಾರು ತಂಬೂರಿಯ ತಂತಿಯನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ.

"ಆರು ವರ್ಷ ಹಾಡೀನ್ರಿ," ಎಂದ ಅಡಿವೆಪ್ಪ. ಅವನ ದನಿ ಏರಿತು. "ಎಲ್ಲೆಲ್ಲಿಂದೋ ಬಂದವರಿಗೆ ಸಂಜಿ ಹಾಡು. ಇಲ್ಲೇ ಬಿದ್ದಾಂವಗ ಜಮಖಾನದ ಹಾಡು. ಹಿತ್ತಲ ಗಿಡ ಮದ್ದಲ್ಲ ಅನ್ನೂದು ಖರೇನ ಆತಲ್ರಿ."

"ಸಿಟ್ಟ ಬಂದೈತಿ ನಿನಗ."

"ಬಂದೈತ್ರಿ."

"ಹೋಗಾಕ ಗಂಟೂ ಕಟ್ಟಿ ಇಟ್ಟಿ."

ಅಡಿವೆಪ್ಪ ತಲೆ ತಗ್ಗಿಸಿದ. ಈ ಮುದುಕರಿಗೆ ಕಣ್ಣು ಮಂಜಾಗಿತ್ತು, ಆದರೂ ಕಾಣಬಾರದ್ದೆಲ್ಲ ಕಾಣುತ್ತಿತ್ತು.

"ಆತು," ಎಂದರು ಅಜ್ಜಾರು. "ಒಂದ ಹೇಳು. ಹೇಳಿದ್ರ ಸಂಜಿ ಹಾಡು ನಿಂದ. ಆಲಾಪ ಅಂದ್ರ ಏನು?"

ಇದು ಇಷ್ಟು ಸುಲಭವೇ ಎಂದು ಅಡಿವೆಪ್ಪನಿಗೆ ಅನ್ನಿಸಿತು.

"ರಾಗದ ಸ್ವರೂಪಾ ಬಿಡಿಸಿ ತೋರಸೂದ್ರಿ."

"ಯಾರಿಗೆ?"

"ಕೇಳವ್ರಿಗೆ."

"ಕೇಳವ್ರ ಇರೂದಿಲ್ಲಂತ ಈಗರೆ ಅಳಾಕತ್ತಿದ್ದಿ."

ಅಡಿವೆಪ್ಪ ಇನ್ನೊಂದು ಉತ್ತರ ಹುಡುಕತೊಡಗಿದ.

"ಹೋಗು, ವಿಚಾರ ಮಾಡ್ಕೊಂಡ ಬಾ," ಎಂದರು ಅಜ್ಜಾರು, ತಂತಿ ಒರೆಸುತ್ತಾ.

ಆ ಮಧ್ಯಾಹ್ನ ಅಡಿವೆಪ್ಪ ಬಾವಿಯಿಂದ ನೀರು ಸೇದುತ್ತಿದ್ದ. ಅಂಗಳದ ಆ ಕಡೆಯಿಂದ ಕರೆ ಬಂತು.

"ಅಡಿವ್ಯಾ!"

ಹಗ್ಗ ಬಿಟ್ಟು ಓಡಿದ. "ಏನ್ರಿ ಅಜ್ಜಾರ?"

"ಏನಿಲ್ಲ. ಹೋಗು."

ಕೊಡ ತುಂಬುವಷ್ಟರಲ್ಲಿ ಮತ್ತೆ.

"ಅಡಿವ್ಯಾ!"

"ಏನ್ರಿ?"

"ಏನಿಲ್ಲ."

ಮೂರನೆಯ ಸಲ ಕರೆದಾಗ ಅವನು ಓಡಲಿಲ್ಲ, ನಡೆದು ಹೋದ. ಅರವತ್ತಕ್ಕೇ ಅರಳುಮರಳು ಅನ್ನುತ್ತಾರೆ, ಇವರಿಗೆ ಎಪ್ಪತ್ತೆಂಟು ಎಂದು ಮನಸ್ಸಿನಲ್ಲೇ ಅಂದುಕೊಂಡ.

"ಏನರೆ ಹೇಳೂದೈತೇನ್ರಿ?"

"ಇಲ್ಲ."

"ಮತ್ತ ಯಾಕ ಕರದ್ರಿ?"

"ಕರದೆ, ಅಷ್ಟ."

"ಏನೂ ಹೇಳಲಿಲ್ಲಲ್ರಿ."

"ಹೇಳಲಿಲ್ಲ," ಎಂದು ಅಜ್ಜಾರು ಒಪ್ಪಿಕೊಂಡರು. "ಆದ್ರ ಮೂರೂ ಸಲ ನೀ ಬಂದಿ."

ಅಡಿವೆಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಬಾವಿಯ ಕಡೆಗೆ ಹಿಂದಿರುಗಿದ. ಬಿಟ್ಟು ಬಂದ ಹಗ್ಗ ಬಾವಿಯೊಳಗೆ ಬಿದ್ದಿತ್ತು. ಅದನ್ನು ಕೊಕ್ಕೆ ಹಾಕಿ ತೆಗೆಯುವುದರಲ್ಲಿ ಸಂಜೆಯಾಯಿತು, ಸಿಟ್ಟು ಇನ್ನಷ್ಟು ಹೆಚ್ಚಾಯಿತು.

ಮರುದಿನ ಅವನು ಅಜ್ಜಾರ ಮುಂದೆ ಕೂತು ಹೇಳಿಬಿಟ್ಟ.

"ಖರೇ ಹೇಳ್ಲೇನ್ರಿ? ಆಲಾಪ ಅಂದ್ರ ಗಂಟಲಾ ಹದಕ್ಕ ಬರೂತನಕ, ಮಂದಿ ಬಂದು ಕೂಡೂತನಕ, ಹೊತ್ತ ಕಳಿಯೂದು. ಬ್ಯಾರೆ ಏನೂ ಅಲ್ರಿ. ಕಡೀಕೆ ಮಂದಿ ವಾಹವಾ ಅನ್ನೂದು ಚೀಜಿಗೇನ."

ಅಜ್ಜಾರು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ಕಣ್ಣಲ್ಲಿ ನೀರಾಯಿತು. ಅಡಿವೆಪ್ಪ ನೀರಿನ ಚೆಂಬು ಹಿಡಿದು ನಿಂತ.

"ಇದು ಮಾತು," ಎಂದರು ಕಣ್ಣೊರೆಸಿಕೊಂಡು. "ನಿನ್ನೆ ಹೇಳಿದ್ದು ಪುಸ್ತಕದ್ದು. ಇದು ನಿಂದು. ಸಂಜಿ ಹಾಡು ನಿನಗ ಕೊಟ್ಟೆ ಹೋಗು."

ಅಡಿವೆಪ್ಪನಿಗೆ ಕಿವಿ ನಂಬಲಾಗಲಿಲ್ಲ. ಅಲ್ಲಿಯೇ ಉದ್ದಕ್ಕೆ ಬಿದ್ದು ಕಾಲು ಹಿಡಿದ. ಎದ್ದು ಎರಡು ಹೆಜ್ಜೆ ಹೋದವನಿಗೆ ನೆನಪಾಯಿತು.

"ಮುಂಜಾನಿ ಹಾಡು ಯಾರ ಹಾಡ್ತಾರ್ರಿ?"

"ನಾ ಹಾಡ್ತೀನಿ."

ಅಡಿವೆಪ್ಪ ನಿಂತುಬಿಟ್ಟ. ಅಜ್ಜಾರು ಜನರ ಮುಂದೆ ಕೂತು ಹಾಡಿ ಐದು ವರ್ಷವಾಗಿತ್ತು.

"ಅಜ್ಜಾರ, ನಿಮ್ಮ ಗಂಟಲಾ..."

"ಜಮಖಾನಕ್ಕ ಎಷ್ಟ ಬೇಕೋ ಅಷ್ಟ ಐತಿ."

ಸ್ಮರಣೆಯ ದಿನ ಬಂತು. ನದಿಯ ಮೇಲೆ ಇನ್ನೂ ಮಂಜು ಇತ್ತು. ಗುರು ಹಾಡುವಾಗ ಶಿಷ್ಯ ಹಿಂದೆ ಕೂತು ತಂಬೂರಿ ಮೀಟಬೇಕು. ಅಡಿವೆಪ್ಪ ತಂಬೂರಿ ಹಿಡಿದು ಕೂತ. ತಬಲಾ ಬಾರಿಸುವ ಮೌಲಾಸಾಬ ಮೂಲೆಯಲ್ಲಿ ಕಂಬಳಿ ಹೊದ್ದು ತೂಕಡಿಸುತ್ತಿದ್ದ.

ಅಜ್ಜಾರು ಷಡ್ಜ ಹಿಡಿದರು. ದನಿ ನೂಲಿನಷ್ಟು ತೆಳ್ಳಗಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಅಡಿವೆಪ್ಪನಿಗೆ ಹಾಡುವಾಗ ಕಣ್ಣು ಮುಚ್ಚಿಕೊಳ್ಳುವ ರೂಢಿ. ಆರು ವರ್ಷವೂ ಆ ಜಾಗದಲ್ಲಿ ಕೂತು, ಕಣ್ಣು ಮುಚ್ಚಿ ಆಲಾಪ ಶುರುಮಾಡಿ, ಮುಗಿದ ಮೇಲೆಯೇ ತೆರೆದಿದ್ದ. ತೆರೆದಾಗ ಕಾಣುತ್ತಿದ್ದದ್ದು ಬರೀ ಜಮಖಾನ. ಇಂದು ಹಿಂದೆ ಕೂತವನು ಕಣ್ಣು ಮುಚ್ಚುವ ಹಾಗಿರಲಿಲ್ಲ. ಗುರುವಿನ ಉಸಿರು ನೋಡಿಕೊಂಡು ತಂತಿ ಮೀಟಬೇಕಿತ್ತು.

ಹಾಗಾಗಿ ಅವನು ಮೊದಲ ಸಲ ನೋಡಿದ.

ಅಣ್ಣತಮ್ಮಂದಿರಿಬ್ಬರು ಜಮಖಾನ ಹೊತ್ತು ತಂದರು. ಯಾವ ತುದಿಯಿಂದ ಹಾಸಬೇಕು ಎಂದು ಬಾಗಿಲಲ್ಲೇ ಜಗಳ ತೆಗೆದರು. ಪ್ರತಿ ವರ್ಷ ಅವರಿಗೆ ಅದೇ ಜಗಳ. ಅಜ್ಜಾರು ಷಡ್ಜದಿಂದ ರಿಷಭಕ್ಕೆ ಕಾಲಿಟ್ಟರು. ಭೈರವ ರಾಗದ ರಿಷಭ, ನಿಂತಲ್ಲೇ ತೂಗಾಡುವ ಸ್ವರ. ಅಣ್ಣನ ಬಾಯಿ ಅರ್ಧ ಮಾತಿಗೆ ನಿಂತಿತು. ತಮ್ಮ ತನ್ನ ತುದಿಯನ್ನು ಸುಮ್ಮನೆ ಕೆಳಗಿಟ್ಟ. ಇಬ್ಬರೂ ಸದ್ದಾಗದಂತೆ ಹಾಸಿ, ಸುಕ್ಕು ತೆಗೆದು, ಅದರ ಮೇಲೆ ಕಾಲಿಡದೆ ಸುತ್ತು ಹಾಕಿ ಹೋದರು.

ಮೂಲೆಯಲ್ಲಿ ಮೌಲಾಸಾಬ ಕಂಬಳಿ ತೆಗೆದ. ಅಜ್ಜಾರ ಷಡ್ಜ ಕೇಳಿಕೊಂಡು ತಬಲಾಕ್ಕೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಶ್ರುತಿ ಕೂಡಿಸತೊಡಗಿದ. ದಿನವಿಡೀ ಎಲ್ಲರಿಗೂ ಅವನೇ ಬಾರಿಸಬೇಕು. ಆ ದಿನದ ಶ್ರುತಿ ಅವನಿಗೆ ಸಿಗುತ್ತಿದ್ದದ್ದು ಇಲ್ಲಿಂದ.

ಬಗಲಿಗೆ ಅಡಿಗೆಮನೆ. ನಡುವಿನ ಗೋಡೆಗೆ ಒಂದು ಜಾಲಂಧ್ರ, ಗಾಳಿ ಬೆಳಕು ಆಡುವ ಕಿಂಡಿ. ಅದರ ಆಚೆ ಒಂದು ಮುಖ ಕಂಡಿತು. ಅಡಿಗೆಯ ದುಂಡವ್ವ. ಮೂವತ್ತು ವರ್ಷದಿಂದ ಆಶ್ರಮದಲ್ಲಿ ರೊಟ್ಟಿ ಬಡಿಯುವವಳು. ಮುಂದೆ ಕೊಪ್ಪರಿಗೆಯಷ್ಟು ಜೋಳದ ಹಿಟ್ಟು. ಕೈ ಮುಂಗೈವರೆಗೂ ಹಿಟ್ಟಿನಲ್ಲಿ ಹೂತಿತ್ತು. ಅವಳು ಹಾಡುತ್ತಿದ್ದ ಅಜ್ಜಾರನ್ನು ನೋಡಿದಳು, ಹಿಂದೆ ಕೂತ ಅಡಿವೆಪ್ಪನನ್ನು ನೋಡಿದಳು. ನೀನ್ಯಾಕೆ ಹಾಡುತ್ತಿಲ್ಲ ಎಂದು ಗದ್ದ ಎತ್ತಿ ಕೇಳಿದಳು.

ಅಡಿವೆಪ್ಪ ಮುಖ ತಗ್ಗಿಸಿದ. ಯಾಕೆ ನಾಚಿಕೆಯಾಯಿತೋ ಅವನಿಗೇ ತಿಳಿಯಲಿಲ್ಲ.

ಅಜ್ಜಾರು ಗಾಂಧಾರ ದಾಟಿದರು, ಮಧ್ಯಮದ ಮೇಲೆ ನಿಂತರು, ಪಂಚಮಕ್ಕೆ ಕೈ ಚಾಚಿದರು. ಅಲ್ಲಿ ದನಿ ಒಡೆಯಿತು.

ಇನ್ನೊಮ್ಮೆ ಹಿಡಿದರು. ಮತ್ತೆ ಒಡೆಯಿತು. ಕೆಮ್ಮು ಬಂತು. ಆಮೇಲೆ ಬರೀ ತಂಬೂರಿಯ ಸದ್ದು ಉಳಿಯಿತು.

ಜಾಲಂಧ್ರದ ಆಚೆ ಹಿಟ್ಟಿನೊಳಗಿನ ಕೈಗಳು ನಿಂತವು. ಮೌಲಾಸಾಬನ ಸುತ್ತಿಗೆ ನಿಂತಿತು. ಅಜ್ಜಾರು ಹಿಂದಿರುಗಿ ನೋಡಲಿಲ್ಲ, ಹಾಡು ಎಂದು ಸನ್ನೆ ಮಾಡಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಅಡಿವೆಪ್ಪ ಪಂಚಮ ಹಿಡಿದ.

ಕಣ್ಣು ತೆರೆದೇ ಇತ್ತು. ಮುಚ್ಚಲು ಮರೆತಿದ್ದ. ಅವನ ಪಂಚಮ ನಿಂತಾಗ ದುಂಡವ್ವನ ಕೈ ಮತ್ತೆ ಹಿಟ್ಟಿನಲ್ಲಿ ಹೊರಳಿತು. ಅವನು ಕೆಳಗಿಳಿದರೆ ಆ ಕೈ ಒತ್ತಿತು, ಅವನು ಉಸಿರು ಬಿಟ್ಟರೆ ಆ ಕೈ ಹಿಟ್ಟನ್ನು ಮಗುಚಿ ಹಾಕಿತು. ಹಿಂದಿನ ಎರಡು ವರ್ಷ ಅರ್ಧಕ್ಕೆ ಬಿಟ್ಟು ಓಡುತ್ತಿದ್ದ ಜಾಗ ಬಂತು. ಓಡಬೇಕು ಅನ್ನಿಸಲಿಲ್ಲ. ಆ ಹಿಟ್ಟು ಇನ್ನೂ ಹದಕ್ಕೆ ಬಂದಿರಲಿಲ್ಲ.

ಚೀಜಿನವರೆಗೆ ಅವನು ಹೋಗಲೇ ಇಲ್ಲ. ಬಿಸಿಲು ಹೊಸ್ತಿಲಿಗೆ ಬಂದಾಗ ಷಡ್ಜಕ್ಕೆ ಮರಳಿ ನಿಲ್ಲಿಸಿದ. ಜಮಖಾನದ ಮೇಲೆ ಏಳೆಂಟು ಜನ ಕೂತಿದ್ದರು. ಯಾರೂ ವಾಹವಾ ಅನ್ನಲಿಲ್ಲ.

ಅಜ್ಜಾರಿಗೆ ಕಷಾಯ ತರಲು ಅಡಿವೆಪ್ಪ ಅಡಿಗೆಮನೆಗೆ ಹೋದ. ದುಂಡವ್ವ ಹಂಚಿನ ಮೇಲೆ ಮೊದಲ ರೊಟ್ಟಿ ಹಾಕಿದ್ದಳು.

"ಇವತ್ತ ಪೂರಾ ಹಾಡಿದಿ," ಎಂದಳು ತಿರುಗಿ ನೋಡದೆ. "ಎರಡ ವರ್ಷ ಆತು, ನಡುವ ಬಿಟ್ಟ ಓಡತಿದ್ದಿ. ಯಾರರೆ ಬೆನ್ನ ಹತ್ತಿದ್ರೇನೋ ಅಂದ್ಕೊಂಡಿದ್ದೆ."

"ನೀ ಕೇಳತಿದ್ದಿಯೇನ ದುಂಡವ್ವಾ?"

"ಮತ್ತ? ಕಿವಿ ಕಿತ್ತ ಇಟ್ಟೀನೇನ?"

"ಅಲ್ಲಾ, ಇವತ್ತ ಇಡೀ ದಿನ ದೊಡ್ಡ ದೊಡ್ಡವ್ರು ಹಾಡ್ತಾರ. ಅದನ್ನ ಬಿಟ್ಟ ನನ್ನ ಹಾಡು..."

ದುಂಡವ್ವ ರೊಟ್ಟಿ ಮಗುಚಿದಳು.

"ಅವರದು ನಾ ಯಾವಾಗ ಕೇಳ್ಲೋ ಯಪ್ಪಾ? ಅವರು ಹಾಡಾಕ ಕುಂತಾಗ ನಾ ರೊಟ್ಟಿ ಬಡೀತಿರ್ತೀನಿ. ಆ ಬಡಿತದಾಗ ಏನ ಕೇಳಸ್ತೈತಿ, ಮಣ್ಣು! ಆಮ್ಯಾಲ ಬಡಸಾಕ ಹೋಗಬೇಕು. ಸಂಜಿ ಹಾಡಿನ್ಯಾಗ ಭಾಂಡೆ ತಿಕ್ಕಾಕ ಹೊಳಿ ದಂಡಿಗೆ ಹೋಗಿರ್ತೀನಿ. ಹಿಟ್ಟ ಕಲಸೂದಕ್ಕಷ್ಟ ಸದ್ದಿಲ್ಲ. ಆವಾಗ ನೀ ಹಾಡ್ತಿ."

ಅಡಿವೆಪ್ಪ ಕಷಾಯದ ಚೆಂಬನ್ನು ಒಲೆಯ ಕಟ್ಟೆಯ ಮೇಲಿಟ್ಟ.

"ವರ್ಷಕ್ಕ ಒಂದ ಹಾಡು ನನಗ," ಎಂದಳು ದುಂಡವ್ವ. "ಅದು ನಿಂದು. ಭಾಳ ಛಲೋ ಅನಸ್ತೈತಿ ನೋಡು. ಮಾತಿದ್ರ ನನಗೇನ ತಿಳೀತಿತ್ತು, ಚೀಜಿನ್ಯಾಗಿನ ಆ ಬ್ಯಾರೆ ಊರಿನ ಭಾಷಾ. ಇದ್ರಾಗ ಮಾತಿಲ್ಲ, ಅದಕ್ಕ ನನಗೂ ತಿಳೀತೈತಿ."

ಹಂಚಿನಿಂದ ರೊಟ್ಟಿ ತೆಗೆದು, ಮೇಲೊಂದು ಬೆಣ್ಣೆಯ ಉಂಡೆ ಇಟ್ಟು ಅವನ ಕೈಗೆ ಕೊಟ್ಟಳು.

"ಆರು ವರ್ಷದಿಂದ ಹೇಳಬೇಕಂತಿದ್ದೆ. ಹೊರಗ ಬರೂದ್ರಾಗ ನೀ ಮಾರಿ ಗಂಟ ಹಾಕ್ಕೊಂಡ ಹೋಗಿಬಿಡ್ತಿದ್ದಿ. ತಿನ್ನು. ನಿನಗ ಪುಣ್ಯ ಬರ್ಲಿ."

ರೊಟ್ಟಿ ಬಿಸಿಯಿತ್ತು. ಅಡಿವೆಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತು ತಿಂದ. ಆರು ವರ್ಷ ಖಾಲಿ ನೆಲಕ್ಕೆ ಹಾಡಿದೆ ಎಂದು ಕಲ್ಲು ಹೊತ್ತು ತಿರುಗಿದ್ದ. ಒಬ್ಬಳು ಅದೇ ಹಾಡನ್ನು ವರ್ಷವಿಡೀ ಕಾದು, ಕೇಳಿ, ಮತ್ತೆ ಕಾದಿದ್ದಳು. ಏನೂ ಹೇಳದೆ ಅಜ್ಜಾರು ಮೂರು ಸಲ ಕರೆದದ್ದು ಯಾಕೆಂದು ಅವನಿಗೆ ಈಗ ತಿಳಿಯಿತು. ಅವನಿಗೆ ಸಂತೋಷವಾಯಿತು. ಅದಕ್ಕಿಂತ ಹೆಚ್ಚಾಗಿ, ಬಿಟ್ಟು ಓಡಿದ ಎರಡು ವರ್ಷ ನೆನೆದು ಸಂಕಟವಾಯಿತು.

ಕಷಾಯ ಒಯ್ದು ಅಜ್ಜಾರ ಮುಂದಿಟ್ಟ. ಅವರು ಕುಡಿದರು. ಚೆಂಬು ಕೆಳಗಿಟ್ಟು, ಎರಡೂ ಕೈ ಜೋಡಿಸಿ ಶಿಷ್ಯನಿಗೆ ನಮಸ್ಕಾರ ಮಾಡಿದರು.

ಅಡಿವೆಪ್ಪ ಹೌಹಾರಿದ. "ಅಜ್ಜಾರ! ಏನ್ ಮಾಡಾಕತ್ತೀರಿ?"

"ನಿನ್ನ ಉಪಕಾರ ಆತಪ್ಪಾ. ಅದಕ್ಕ."

"ನಂದೇನ್ರಿ ಉಪಕಾರ? ಹಟಾ ಮಾಡಿದೆ ನಾನು."

"ನಾನೂ ಮಾಡಿದ್ದೆ," ಎಂದರು ಅಜ್ಜಾರು. "ಇಪ್ಪತ್ತಾರ ವರ್ಷದಾಂವ. ಮುಂಜಾನಿ ಹಾಡು ನಾ ಒಲ್ಲೆ, ಸಂಜಿದ ಬೇಕು ಅಂತ ನಮ್ಮ ಗುರುಗಳ ಮುಂದ ಕಾಲ ಅಪ್ಪಳಿಸಿದ್ದೆ. ಅವರು ಮರು ಮಾತಾಡ್ದ ಕೊಟ್ಟಬಿಟ್ರು. ನಲವತ್ತೇಳ ವರ್ಷ ಸಂಜಿದ ಹಾಡಿದೆ. ಮುಂಜಾನಿ ಹಾಡು ಹೆಂಗಿರ್ತೈತಿ ಅಂತ ನನಗ ಗೊತ್ತ ಇರಲಿಲ್ಲ. ಇವತ್ತ ನೀ ಬಿಟ್ಟಿ, ನನಗ ಸಿಕ್ಕಿತು. ಪಂಚಮದ ತನಕರೆ ಸಿಕ್ಕಿತು."

ಹೇಳುತ್ತ ನಕ್ಕರು. ಆ ನಗುವಿನಲ್ಲಿ ಕೊರತೆ ಇರಲಿಲ್ಲ.

ಅಡಿವೆಪ್ಪ ತಡೆಯಲಾರದೆ ಹೇಳಿದ. "ಸಂಜಿ ಹಾಡು ನನಗ ಬ್ಯಾಡ್ರಿ ಅಜ್ಜಾರ. ಮುಂಜಾನಿದ ಇರ್ಲಿ, ಸಾಯೂತನಕ."

"ಯಾಕ? ಸಂಜಿ ಹಾಡು ಕೇಳಾಕ ಬಂದ ಮಂದಿ ನಿನಗೇನ ತಪ್ಪ ಮಾಡ್ಯಾರ?"

"ಹಂಗಲ್ರಿ..."

"ನಿನ್ನೆ ತನಕ ಅದು ದೊಡ್ಡದು, ಇದು ಸಣ್ಣದು. ಇವತ್ತ ಇದು ದೊಡ್ಡದು, ಅದು ಸಣ್ಣದು. ತಕ್ಕಡಿ ಅದ ಐತಿ, ಕಲ್ಲಷ್ಟ ಆ ಕಡೆ ಈ ಕಡೆ ಇಟ್ಟಿ. ಕೇಳಿ ಇಸಕೊಂಡೀದಿ, ಹಾಡಬೇಕು."

ಅಡಿವೆಪ್ಪ ದುಂಡವ್ವ ಹೇಳಿದ್ದನ್ನು ಹೇಳಿದ, ಒಂದಕ್ಷರ ಬಿಡದೆ.

ಅಜ್ಜಾರ ಮುಖದ ಮೇಲಿನ ನಗು ಇಳಿಯಿತು.

"ಸಂಜಿ ಹಾಡಿನ್ಯಾಗ ಹೊಳಿ ದಂಡಿಗೆ ಇರ್ತಿದ್ಲಂತ?"

"ಹೌದಂತ್ರಿ."

"ಎಲ್ಲಾ ವರ್ಷಾನೂ?"

"ಎಲ್ಲಾ ವರ್ಷಾನೂ."

"ಇಪ್ಪತ್ತೈದ ವರ್ಷ ಆಕಿ ಬಡದ ರೊಟ್ಟಿ ತಿಂದ ಸಂಜಿ ಹಾಡು ಹಾಡೀನಿ," ಎಂದರು ಅಜ್ಜಾರು. "ಆ ಹಾಡಿನ್ಯಾಗ ಒಂದೂ ಆಕಿ ಕಿವಿಗೆ ಬಿದ್ದಿಲ್ಲ."

ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ. ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು ಎಂದು ಪಕ್ಕದಲ್ಲಿ ಕೂತವರು ಆಮೇಲೆ ಹೇಳುತ್ತಿದ್ದರು.

ಸಂಜೆಯಾಯಿತು. ಕಾಲಿಡಲು ಜಾಗವಿಲ್ಲದಷ್ಟು ಜನ. ಕಿಟಕಿಗಳಲ್ಲೂ ಜನ ಹತ್ತಿ ಕೂತಿದ್ದರು. ಮೌಲಾಸಾಬ ತಬಲಾ ಮುಂದಿಟ್ಟುಕೊಂಡು ಕಾಯುತ್ತಿದ್ದ. ತಂಬೂರಿಯವರು ಶ್ರುತಿ ಹಿಡಿದಿದ್ದರು.

ಹನ್ನೊಂದು ವರ್ಷ ಕನಸು ಕಂಡ ಜಾಗಕ್ಕೆ ಅಡಿವೆಪ್ಪ ಬಂದ. ಕೂಡುವ ಮೊದಲು ಗುರುವಿನ ಕಾಲು ಮುಟ್ಟಿ ಅಪ್ಪಣೆ ಪಡೆಯಬೇಕು. ಗುರುವಿನ ಗದ್ದಿಗೆಯ ಕಡೆ ತಿರುಗಿದ.

ಗದ್ದಿಗೆ ಖಾಲಿಯಿತ್ತು.

ಜನರ ಮೇಲೆ ಕಣ್ಣಾಡಿಸಿದ. ಎಲ್ಲಿಯೂ ಅಜ್ಜಾರಿಲ್ಲ. ಆದರೆ ಎಲ್ಲರಿಗಿಂತ ಮುಂದೆ, ಶಾಲು ಹೊದ್ದ ದೊಡ್ಡವರ ಸಾಲಿನ ನಟ್ಟನಡುವೆ, ದುಂಡವ್ವ ಕೂತಿದ್ದಳು. ಮುಖ ತೊಳೆದು ಕುಂಕುಮ ಇಟ್ಟುಕೊಂಡಿದ್ದಳು. ಒಗೆದ ಇಳಕಲ್ ಸೀರೆಯ ಸೆರಗನ್ನು ತಲೆತುಂಬ ಹೊದ್ದಿದ್ದಳು. ಕೆಲಸವಿಲ್ಲದ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಒಂದರೊಳಗೊಂದು ಹಿಡಿದುಕೊಂಡಿದ್ದಳು.

ಅಡಿವೆಪ್ಪನಿಗೆ ಹೊಳೆಯಿತು. ಜನರನ್ನು ಸರಿಸಿಕೊಂಡು ಹಿಂಬಾಗಿಲಿನಿಂದ ನದಿಯ ಕಡೆಗೆ ಓಡಿದ.

ಹೊಳೆಯ ದಂಡೆಯಲ್ಲಿ ಅಜ್ಜಾರು ಕೂತಿದ್ದರು. ಧೋತರವನ್ನು ಮೊಣಕಾಲ ಮೇಲಕ್ಕೆ ಕಟ್ಟಿದ್ದರು. ಮೊಣಕೈವರೆಗೆ ಬೂದಿ. ಒಂದು ಕೈಯಲ್ಲಿ ತೆಂಗಿನ ನಾರು. ಮುಂದೆ ಅವರಷ್ಟೇ ದೊಡ್ಡದೊಂದು ಕೊಪ್ಪರಿಗೆ. ಅದರ ತಳವನ್ನು ತಿಕ್ಕುತ್ತಿದ್ದರು. ಹಿಂದೆ ಮುನ್ನೂರು ಜನ ಉಂಡ ಪಾತ್ರೆ ಭಾಂಡೆಗಳ ಗುಡ್ಡ.

"ಅಜ್ಜಾರ!" ಎಂದ ಅಡಿವೆಪ್ಪ. "ಬಿಡ್ರಿ. ನಾ ತಿಕ್ತೀನಿ."

"ನಿನಗ ಹಾಡೂದೈತಿ."

"ಹಾಡ ನಾಳೆ ಹಾಡ್ತೀನ್ರಿ. ಏಳ್ರಿ ನೀವು."

"ಮಂದಿ ಕುಂತಾರ. ದುಂಡವ್ವನೂ ಕುಂತಾಳ. ಎಬ್ಬಿಸಿ ಕಳಸಬೇಕಂದ್ರ ನನಗ ಸಾಕಾಗಿ ಹೋತು. ಬೈದ ಕಳಿಸೀನಿ."

ಅಡಿವೆಪ್ಪನ ಕಣ್ಣಲ್ಲಿ ನೀರು ಬಂತು.

"ಈ ಹಾಡು ನೀವು ಎದುರಿಗೆ ಕುಂತ ಕೇಳಬೇಕಂತ ಹನ್ನೊಂದ ವರ್ಷ ಕಾದೀನ್ರಿ ಅಜ್ಜಾರ."

ಅಜ್ಜಾರು ನಾರನ್ನು ಕೆಳಗಿಟ್ಟರು. ಶಿಷ್ಯನ ಮುಖವನ್ನು ನೋಡಿದರು. ಗಾಳಿ ಆಶ್ರಮದ ಕಡೆಯಿಂದ ಬೀಸುತ್ತಿತ್ತು. ತಂಬೂರಿಯ ಸದ್ದು ಅದರ ಜೊತೆ ದಂಡೆಯವರೆಗೂ ಬರುತ್ತಿತ್ತು.

"ಕೇಳಸ್ತೈತಿ," ಎಂದರು.

ಅಡಿವೆಪ್ಪ ಒದ್ದೆ ಮಣ್ಣಿನಲ್ಲಿ ಬಾಗಿ ಅವರ ಕಾಲು ಮುಟ್ಟಿದ. ಬೂದಿಯ ಕೈ ಅವನ ತಲೆಯ ಮೇಲೆ ಬಂತು, ಒಂದು ಕ್ಷಣ ಅಲ್ಲೇ ನಿಂತಿತು. ಈ ಗುರು ತನಗೆ ಸಿಕ್ಕದ್ದು ಯಾವ ಜನ್ಮದ ಪುಣ್ಯವೋ ಎಂದು ಅವನಿಗನ್ನಿಸಿತು.

ಎದ್ದು ನಿಂತ. ಹೊರಡಬೇಕಾದವನು ಹೊರಡಲಿಲ್ಲ. ಒಳಗೆ ಜನ ಕಾಯುತ್ತಿದ್ದರು, ದೂರದ ಊರಿನವರು ರಾತ್ರಿ ಏರುವುದರೊಳಗೆ ಹಿಂದಿರುಗಬೇಕಿತ್ತು, ಅವರೆಲ್ಲ ಬಂದದ್ದು ಚೀಜು ಕೇಳಲಿಕ್ಕೆ.

"ಅಜ್ಜಾರ, ಆಲಾಪ ಎಷ್ಟ ಹೊತ್ತ ಮಾಡ್ಲಿ?"

ಅಜ್ಜಾರು ಹಿಂದಿರುಗಿ ಆ ಗುಡ್ಡವನ್ನೊಮ್ಮೆ ನೋಡಿದರು. ನಾರಿಗೆ ಬೂದಿ ಹಚ್ಚಿಕೊಂಡು ಕೊಪ್ಪರಿಗೆಯನ್ನು ಹತ್ತಿರ ಎಳೆದುಕೊಂಡರು.

"ಭಾಂಡೆ ಭಾಳ ಅದಾವ ತಮ್ಮಾ. ಅವಸರ ಮಾಡಬ್ಯಾಡ."